ಮಲೇರಿಯಾ ಮತ್ತು ಹುಟ್ಟಿನಿಂದ ಬಂದ ರಕ್ತದ ಗುಣ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಮನೆಯ ಇಬ್ಬರಿಗೆ ಒಂದೇ ವಾರ ಮಲೇರಿಯಾ ಬರುತ್ತದೆ. ಒಬ್ಬರು ನಾಲ್ಕೈದು ದಿನಕ್ಕೆ ಚೇತರಿಸಿಕೊಂಡು ತೋಟಕ್ಕೆ ಇಳಿಯುತ್ತಾರೆ, ಇನ್ನೊಬ್ಬರು ಆಸ್ಪತ್ರೆ ಸೇರುತ್ತಾರೆ. ಈ ವ್ಯತ್ಯಾಸದಲ್ಲಿ ವಂಶವಾಹಿಗಳಿಗೂ ಒಂದು ಪಾಲಿದೆ. ಅದನ್ನು ತಿಳಿಯುವುದರಿಂದ ನಿತ್ಯದ ಬದುಕಿಗೆ ಪ್ರಯೋಜನ ಆಗುವುದು ಮುಖ್ಯವಾಗಿ ಎರಡು ಕಡೆ: ಮಲೇರಿಯಾ ಮರುಕಳಿಸದಂತೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ನುಂಗುವ ಮೊದಲು, ಮಕ್ಕಳಾಗುವ ಮೊದಲು. ಜ್ವರ ಬಂದಾಗ ಮಾಡಬೇಕಾದದ್ದು ಮಾತ್ರ ಯಾವ ವಂಶದವರಿಗೂ ಒಂದೇ, ರಕ್ತಪರೀಕ್ಷೆ.

ನಮ್ಮ ಅಜ್ಜ, ಮುತ್ತಜ್ಜ ಎಲ್ಲ ಚಳಿಜ್ವರದ ನಡುವೆಯೇ ಬದುಕಿದವರು. ನಮಗೂ ಆ ಶಕ್ತಿ ರಕ್ತದಲ್ಲೇ ಬಂದಿರಬೇಕಲ್ಲ?

ಬಂದಿಲ್ಲ ಎಂದೇ ಲೆಕ್ಕ ಹಿಡಿಯಿರಿ. ಹಿಂದಿನವರಿಗೆ ಇದ್ದದ್ದು ಬಹುಪಾಲು ಗಳಿಸಿಕೊಂಡ ಶಕ್ತಿ. ಮಲೆನಾಡಿನ ಹಳ್ಳ, ತೊರೆಗಳ ಅಂಚಿನಲ್ಲಿ ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಮೊಟ್ಟೆ ಇಡುತ್ತದೆ. ಗದ್ದೆಯ ಒಸರು ನೀರೂ ಅದಕ್ಕೆ ಸಾಕು. ಡಿಡಿಟಿ ಕೀಟನಾಶಕ ಬರುವ ಮೊದಲು ಈ ಸೊಳ್ಳೆಯಿಂದ ವರ್ಷ ವರ್ಷವೂ ಜ್ವರ ಬರುತ್ತಿತ್ತು. ಪದೇ ಪದೇ ಸೋಂಕು ತಗುಲಿದ ದೇಹ ಮಲೇರಿಯಾ ತರುವ ಪರಾವಲಂಬಿಯನ್ನು ಸ್ವಲ್ಪಮಟ್ಟಿಗೆ ಹತೋಟಿಯಲ್ಲಿಡಲು ಕಲಿಯುತ್ತದೆ. ಆದರೆ ಆ ಕಲಿಕೆ ಮೊಮ್ಮಕ್ಕಳಿಗೆ ದಾಟುವುದಿಲ್ಲ. ತಾಯಿಯಿಂದ ಮಗುವಿಗೆ ಬರುವ ಪ್ರತಿಕಾಯಗಳೂ ಕೆಲವೇ ತಿಂಗಳು ಉಳಿಯುತ್ತವೆ. ಗಳಿಸಿಕೊಂಡವರಿಗೂ ಕೆಲವು ವರ್ಷ ಸೋಂಕು ಇಲ್ಲದಿದ್ದರೆ ಆ ಶಕ್ತಿ ಸವೆದುಹೋಗುತ್ತದೆ.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದೇ ನಿರ್ಮೂಲನಾ ಕಾರ್ಯಕ್ರಮವಾಯಿತು. ಆಮೇಲೆ ಹುಟ್ಟಿದ ಮಲೆನಾಡಿಗರಲ್ಲಿ ಹೆಚ್ಚಿನವರಿಗೆ ಆ ಹಳೆಯ ಅಭ್ಯಾಸವೇ ಇಲ್ಲ. ಸಾಗರದಿಂದ ಮಂಗಳೂರಿಗೆ ಕೆಲಸಕ್ಕೆ ಹೋದ ಹುಡುಗನ ದೇಹ ಮಲೇರಿಯಾಕ್ಕೆ ಹೊಸದು, ಬೆಂಗಳೂರಿನಲ್ಲೇ ಬೆಳೆದ ಹುಡುಗನಷ್ಟೇ ಹೊಸದು.

ಹಾಗಾದರೆ ನಿಜವಾಗಿ ಹುಟ್ಟಿನಿಂದ ಬರುವ ರಕ್ಷಣೆ ಯಾವುದು?

ಮಲೇರಿಯಾ ಪರಾವಲಂಬಿ ಯಕೃತ್ತಿನಿಂದ ಹೊರಬಂದ ಮೇಲೆ ಕೆಂಪು ರಕ್ತಕಣದೊಳಗೆ ಹೊಕ್ಕು ಬೆಳೆಯುತ್ತದೆ. ವೈವ್ಯಾಕ್ಸ್ ಮತ್ತು ಫಾಲ್ಸಿಪಾರಂ ಎಂಬ ಎರಡು ಬಗೆಯ ಪರಾವಲಂಬಿಗಳಿಗೂ ಈ ಸುತ್ತು ಸುಮಾರು 48 ಗಂಟೆಯದು. ಹಾಗಾಗಿ ರಕ್ತಕಣದ ಬಾಗಿಲು, ಗೋಡೆ, ಒಳಗಿನ ಹಿಮೋಗ್ಲೋಬಿನ್, ಅದನ್ನು ಕಾಯುವ ಕಿಣ್ವ, ಇವುಗಳಲ್ಲಿ ಯಾವುದು ಬದಲಾದರೂ ಪರಾವಲಂಬಿಗೆ ತೊಡಕಾಗುತ್ತದೆ. ಹಿಮೋಗ್ಲೋಬಿನ್ ಬದಲಾಗುವ ಸಿಕಲ್ ಸೆಲ್, ಅದು ಕಡಿಮೆ ತಯಾರಾಗುವ ಥಲಸ್ಸೇಮಿಯಾ, ಜಿ6ಪಿಡಿ ಎಂಬ ಕಿಣ್ವದ ಕೊರತೆ, ಡಫಿ ಗುಂಪು, ಎಬಿಒ ಗುಂಪು ಎಲ್ಲವೂ ರಕ್ತಕಣದ ಸುತ್ತಲೇ ಇರುವುದು ಇದೇ ಕಾರಣಕ್ಕೆ.

ಥಲಸ್ಸೇಮಿಯಾ ವಾಹಕರಿಗೆ, ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಆ ಜೀನ್ ಪಡೆದವರಿಗೆ, ಮಲೇರಿಯಾದಿಂದ ರಕ್ಷಣೆ ಸಿಗುತ್ತಿರಬಹುದು ಎಂಬ ಊಹೆಯನ್ನು 1949ರಲ್ಲಿ ಮುಂದಿಟ್ಟವರು ಬ್ರಿಟಿಷ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಸಿಕಲ್ ಸೆಲ್ ವಾಹಕರ ಮೇಲೆ ಇದನ್ನು ತೋರಿಸಿಕೊಟ್ಟರು. ಮಲೇರಿಯಾ ಇರುವ ನಾಡಿನಲ್ಲಿ ವಾಹಕ ಮಕ್ಕಳು ಹೆಚ್ಚು ಬದುಕಿ ಉಳಿಯುತ್ತಾರೆ. ಆದ್ದರಿಂದಲೇ ರೋಗ ತರುವ ಜೀನ್ ಕೂಡ ಆ ಜನರಲ್ಲಿ ಅಳಿಯದೆ ಉಳಿಯುತ್ತದೆ. ಇದಕ್ಕೆ ಹಿಡಿಯುವುದು ನೂರಾರು ತಲೆಮಾರು. ಮೂರು ತಲೆಮಾರಿನಲ್ಲಿ ಆಗುವ ಮಾತಲ್ಲ.

ಜೀನ್‌ನ ಪಾಲು ಎಷ್ಟು ಎಂಬುದಕ್ಕೆ 2005ರ ಕೆನ್ಯಾದ ಅಧ್ಯಯನ ಒಂದು ಅಳತೆ ಕೊಡುತ್ತದೆ. ಅಲ್ಲಿ ಮಕ್ಕಳ ನಡುವೆ ಮಲೇರಿಯಾ ಬರುವುದರಲ್ಲಿದ್ದ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗ ಆನುವಂಶಿಕ, ಹೆಚ್ಚುಕಡಿಮೆ ಅಷ್ಟೇ ಪಾಲು ಮನೆ ಮತ್ತು ಅದರ ಸುತ್ತಲಿನದು. ಅಷ್ಟು ಹೆಸರುವಾಸಿಯಾದ ಸಿಕಲ್ ಸೆಲ್ ವಿವರಿಸಿದ್ದು ಬರೀ ಶೇ 2ರಷ್ಟನ್ನು. ಅಂದರೆ ಒಂದೇ ಜೀನ್ ನೋಡಿ ಯಾರ ಹಣೆಬರಹವನ್ನೂ ಹೇಳಲಾಗದು.

ಸಿಕಲ್ ಸೆಲ್ ಇದ್ದವರಿಗೆ ಮಲೇರಿಯಾ ಬರುವುದೇ ಇಲ್ಲವಂತೆ, ಹೌದೆ?

ಈ ತಪ್ಪು ತಿಳಿವಳಿಕೆ ಜೀವಕ್ಕೇ ಎರವಾಗಬಹುದು, ಅದಕ್ಕೆ ಬಿಡಿಸಿ ಹೇಳುತ್ತೇವೆ.

ಬೀಟಾ ಗ್ಲೋಬಿನ್ ಜೀನ್ 11ನೇ ವರ್ಣತಂತುವಿನಲ್ಲಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದಾಗ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಬಂದು ಕೂರುತ್ತದೆ, ಹಿಮೋಗ್ಲೋಬಿನ್ ಎಸ್ ಆಗುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಬಂದರೆ ಅವರು ವಾಹಕರು. ಅವರಿಗೆ ಸಾಮಾನ್ಯವಾಗಿ ಕಾಯಿಲೆ ಇರುವುದಿಲ್ಲ. ತೀವ್ರ ಫಾಲ್ಸಿಪಾರಂ ಮಲೇರಿಯಾದ ಅಪಾಯ ಅವರಿಗೆ ಸುಮಾರು ಶೇ 90ರಷ್ಟು ಕಡಿಮೆ. ಪರಾವಲಂಬಿ ಹೊಕ್ಕ ಕಣಗಳು ಆಮ್ಲಜನಕ ಕಡಿಮೆ ಇರುವ ಕಡೆ ಬೇಗ ಬಾಗಿಹೋಗುತ್ತವೆ, ಗುಲ್ಮ ಅವನ್ನು ಆರಿಸಿ ತೆಗೆಯುತ್ತದೆ. ರಕ್ತನಾಳದ ಗೋಡೆಗೆ ಅಂಟಲು ಪರಾವಲಂಬಿ ಕಣದ ಮೇಲೆ ಕಟ್ಟುವ ಗುಬುಟುಗಳೂ ಅಲ್ಲಿ ಸರಿಯಾಗಿ ಮೂಡುವುದಿಲ್ಲ. ಇಷ್ಟಾದರೂ ವಾಹಕರಿಗೆ ಸೋಂಕು ತಗುಲುತ್ತದೆ, ಜ್ವರವೂ ಬರಬಹುದು. ತಪ್ಪುವುದು ಮುಖ್ಯವಾಗಿ ಸಾವಿನಂಚಿಗೆ ಒಯ್ಯುವ ಸ್ಥಿತಿ.

ಇಬ್ಬರಿಂದಲೂ ಬಂದರೆ ಅದು ಸಿಕಲ್ ಸೆಲ್ ರೋಗ. ಅವರಿಗೆ ಮಲೇರಿಯಾ ಬಂದರೆ ರಕ್ತ ಒಮ್ಮೆಲೇ ಇಳಿಯುತ್ತದೆ, ನೋವಿನ ಬಿಕ್ಕಟ್ಟು ಕೆರಳುತ್ತದೆ. ಸಿಕಲ್ ಸೆಲ್ ರೋಗಿಗೆ ಜ್ವರ ಬಂದರೆ ಅದೇ ದಿನ ವೈದ್ಯರು ನೋಡಬೇಕು. ನಾಳೆ ನೋಡೋಣ ಎನ್ನಬೇಡಿ.

ಶಿವಮೊಗ್ಗದ ಕಡೆಯವರು ಸಿಕಲ್ ಸೆಲ್ ಪರೀಕ್ಷೆ ಮಾಡಿಸಬೇಕೆ?

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಪಶ್ಚಿಮಘಟ್ಟದ ದಕ್ಷಿಣದ ಬುಡಕಟ್ಟುಗಳು, ಮಧ್ಯ ಭಾರತ, ಒಡಿಶಾ, ಗುಜರಾತಿನ ಕೆಲವು ಸಮುದಾಯಗಳಲ್ಲಿ ಹೆಚ್ಚು. ಮನೆತನದಲ್ಲಿ ಯಾರಿಗಾದರೂ ಇದೆ ಎಂದು ಗೊತ್ತಿದ್ದರೆ, ಬುಡಕಟ್ಟು ಸಮುದಾಯದವರಾಗಿದ್ದರೆ, ಚಿಕ್ಕಂದಿನಿಂದ ರಕ್ತಹೀನತೆ, ಕೈಕಾಲು ಎಲುಬಿನ ನೋವು, ಕಾಮಾಲೆ ಮರುಕಳಿಸುತ್ತಿದ್ದರೆ ಮಾಡಿಸಿ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. 40 ವರ್ಷದೊಳಗಿನವರ ತಪಾಸಣೆ ಅದರ ಗುರಿ.

ಶಿಬಿರಗಳಲ್ಲಿ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ‘ಎಸ್’ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ವಾಹಕರೋ ರೋಗಿಯೋ ಎಂದು ಅದರಿಂದ ತಿಳಿಯದು. ಪಾಸಿಟಿವ್ ಬಂದರೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ ಆಗಲೇಬೇಕು. ಆರು ತಿಂಗಳೊಳಗಿನ ಮಗುವಿಗೆ ಸಾಲ್ಯುಬಿಲಿಟಿ ಪರೀಕ್ಷೆ ಮಾಡಿ ‘ಇಲ್ಲ’ ಎಂದು ಬಂದರೆ ನಂಬಬೇಡಿ, ಆಗ ರಕ್ತದಲ್ಲಿ ಭ್ರೂಣಕಾಲದ ಹಿಮೋಗ್ಲೋಬಿನ್ನೇ ಹೆಚ್ಚಿರುತ್ತದೆ.

ವರ್ಷಗಟ್ಟಲೆ ಕಬ್ಬಿಣಾಂಶದ ಮಾತ್ರೆ ತಿಂದರೂ ಹಿಮೋಗ್ಲೋಬಿನ್ 10 ದಾಟುತ್ತಿಲ್ಲ. ಇದಕ್ಕೂ ಮಲೇರಿಯಾಕ್ಕೂ ಸಂಬಂಧ ಇದೆಯೆ?

ಇರಬಹುದು. ನೀವು ಬೀಟಾ ಥಲಸ್ಸೇಮಿಯಾ ವಾಹಕರಾಗಿರಬಹುದು. ಭಾರತದಲ್ಲಿ ನೂರಕ್ಕೆ ಸುಮಾರು 3ರಿಂದ 4 ಮಂದಿ ವಾಹಕರು. ಹಿಂದೆ ಮಲೇರಿಯಾ ಹಾವಳಿ ಇದ್ದ ನಾಡುಗಳಲ್ಲಿ ಈ ಜೀನ್ ಹೆಚ್ಚಾಗಿ ಉಳಿದುಕೊಂಡಿದೆ.

ಹಳೆಯ ರಕ್ತಪರೀಕ್ಷೆಯ ಚೀಟಿ ತೆಗೆದು ಎರಡು ಅಂಕಿ ನೋಡಿ: ಕೆಂಪು ಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ ಮತ್ತು ಕೆಂಪು ಕಣಗಳ ಸಂಖ್ಯೆ ಹೇಳುವ ಆರ್‌ಬಿಸಿ ಎಣಿಕೆ. ಉದಾಹರಣೆಗೆ ಹಿಮೋಗ್ಲೋಬಿನ್ 10.4, ಎಂಸಿವಿ 64, ಆರ್‌ಬಿಸಿ 5.8 ಇದೆ ಎನ್ನಿ. 64ನ್ನು 5.8ರಿಂದ ಭಾಗಿಸಿದರೆ ಸುಮಾರು 11. ಈ ಭಾಗಲಬ್ಧ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ವಾಹಕ ಎಂಬ ಅನುಮಾನ, 13ಕ್ಕಿಂತ ಹೆಚ್ಚಾದರೆ ಕಬ್ಬಿಣದ ಕೊರತೆಯ ಕಡೆಗೆ ಒಲವು. ಇದು ಸುಳಿವು ಮಾತ್ರ. ಖಚಿತಪಡಿಸುವುದು ಎಚ್‌ಪಿಎಲ್‌ಸಿಯಲ್ಲಿ ಸಿಗುವ ಹಿಮೋಗ್ಲೋಬಿನ್ ಎ2. ಅದು ಶೇ 3.5 ದಾಟಿದ್ದರೆ ವೈದ್ಯರು ವಾಹಕ ಎಂದೇ ಯೋಚಿಸಿ ಮುಂದುವರಿಯುತ್ತಾರೆ.

ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಕಬ್ಬಿಣದ ಕೊರತೆ ಜೋರಾಗಿದ್ದರೆ ಎ2 ಇಳಿದು, ವಾಹಕರ ಚೀಟಿಯೂ ‘ಸರಿಯಿದೆ’ ಎಂದು ಬರಬಹುದು. ಆಗ ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ನೋಡಿ, ಕೊರತೆ ಸರಿಪಡಿಸಿ, ಮತ್ತೆ ಪರೀಕ್ಷಿಸಬೇಕು. ಇನ್ನೊಂದು, ರಕ್ತ ಏರಿಸಿಕೊಂಡ ಮೇಲೆ ಮಾಡಿಸಿದ ಪರೀಕ್ಷೆ ತೋರಿಸುವುದು ದಾನಿಯ ಹಿಮೋಗ್ಲೋಬಿನ್ ಬೆರೆತ ರಕ್ತವನ್ನು. ರಕ್ತ ಏರಿಸುವ ಮೊದಲೇ ನೇರಳೆ ಮುಚ್ಚಳದ ಇಡಿಟಿಎ ನಳಿಕೆಯಲ್ಲಿ ಮಾದರಿ ತೆಗೆಸಿಡಿ, ಇಲ್ಲವೇ ಮೂರು ತಿಂಗಳು ಕಾಯಿರಿ. ಫೆರಿಟಿನ್ ನೋಡದೆ ವಾಹಕರಿಗೆ ಕಬ್ಬಿಣದ ಮಾತ್ರೆ ವರ್ಷಾನುಗಟ್ಟಲೆ ಕೊಡುವುದು ಸಲ್ಲದು. ಗರ್ಭಿಣಿಯಾದರೆ ಮಾತ್ರ ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಆಲ್ಫಾ ಥಲಸ್ಸೇಮಿಯಾ ಬೇರೆಯೆ?

ಬೇರೆ. ಎಚ್‌ಪಿಎಲ್‌ಸಿಯಲ್ಲಿ ಅದು ಹೆಚ್ಚಾಗಿ ಕಾಣಿಸುವುದೇ ಇಲ್ಲ, ಡಿಎನ್‌ಎ ಪರೀಕ್ಷೆ ಬೇಕು. ಇಲ್ಲಿ ಕಣಗಳು ಚಿಕ್ಕವು, ಸಂಖ್ಯೆ ಜಾಸ್ತಿ. ಮಲೇರಿಯಾದಲ್ಲಿ ಅಷ್ಟೇ ಕಣಗಳು ನಾಶವಾದರೂ ಕಳೆದುಕೊಳ್ಳುವ ಹಿಮೋಗ್ಲೋಬಿನ್ ಕಡಿಮೆ, ಹೀಗಾಗಿ ತೀವ್ರ ರಕ್ತಹೀನತೆ ತಪ್ಪುತ್ತದೆ. ಸಿಕಲ್ ವಾಹಕತ್ವ ಒಂದು ರಕ್ಷಣೆ, ಆಲ್ಫಾ ಥಲಸ್ಸೇಮಿಯಾ ಇನ್ನೊಂದು ರಕ್ಷಣೆ, ಎರಡೂ ಒಬ್ಬರಲ್ಲೇ ಸೇರಿದರೆ ದುಪ್ಪಟ್ಟು ಆಗಬೇಕಿತ್ತು. ಆದರೆ 2005ರಲ್ಲಿ ಕೆನ್ಯಾದಲ್ಲಿ ಕಂಡದ್ದು ತದ್ವಿರುದ್ಧ. ಎರಡೂ ಇದ್ದ ಮಕ್ಕಳಲ್ಲಿ ರಕ್ಷಣೆ ಹೆಚ್ಚುಕಡಿಮೆ ಇಲ್ಲವಾಗಿತ್ತು. ಈ ವಿಷಯದಲ್ಲಿ ಸರಳ ಕೂಡು-ಕಳೆ ನಡೆಯದು ಎಂಬುದಕ್ಕೆ ನಮಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇದೇ.

ಸೋದರಮಾವನಿಗೇ ಮಗಳನ್ನು ಕೊಡಬೇಕೆಂದಿದ್ದೇವೆ. ಅವನು ಥಲಸ್ಸೇಮಿಯಾ ವಾಹಕ. ಏನು ಮಾಡಬೇಕು?

ಮಾತುಕತೆಗೆ ಮೊದಲು ಹುಡುಗಿಯ ಎಚ್‌ಪಿಎಲ್‌ಸಿ ಮಾಡಿಸಿ. ಲೆಕ್ಕ ಹೀಗಿದೆ: ಅವನು ವಾಹಕನಾದರೆ ಅವನ ಅಕ್ಕ ವಾಹಕಿಯಾಗಿರುವ ಸಾಧ್ಯತೆ ಅರ್ಧ, ಅಕ್ಕನ ಮಗಳಿಗೆ ಕಾಲು. ಅತ್ತೆಯ ಮಗಳು ಅಥವಾ ಮಾವನ ಮಗಳಾದರೆ ಎಂಟರಲ್ಲೊಂದು. ಹೊರಗಿನ ಸಂಬಂಧದಲ್ಲಿ ಅದು ನೂರಕ್ಕೆ ಮೂರೋ ನಾಲ್ಕೋ.

ಇಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ಶೇ 25ರಷ್ಟು ಸಾಧ್ಯತೆಯಲ್ಲಿ ಮಗುವಿಗೆ ರೋಗದ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್, ಶೇ 50ರಷ್ಟು ವಾಹಕ, ಶೇ 25ರಷ್ಟು ಏನೂ ಇಲ್ಲ. ‘ಮೊದಲನೆಯದಕ್ಕೆ ಆಯಿತು, ಇನ್ನು ಮೂರು ಮಕ್ಕಳಿಗೆ ಆಗುವುದಿಲ್ಲ’ ಎನ್ನುವುದು ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದು. ಒಬ್ಬರು ಥಲಸ್ಸೇಮಿಯಾ ವಾಹಕ, ಇನ್ನೊಬ್ಬರು ಸಿಕಲ್ ವಾಹಕರಾದರೂ ಮಗುವಿಗೆ ಗಂಭೀರ ರೋಗ ಬರಬಹುದು.

ಮದುವೆ ಆಗಿಹೋಗಿದ್ದರೆ ತಡಮಾಡಬೇಡಿ. ಮೊದಲ ತಪಾಸಣೆಯಲ್ಲೇ, ಎಂಟು ವಾರದೊಳಗೆ, ಗರ್ಭಿಣಿಯ ಪರೀಕ್ಷೆ ಆಗಲಿ. ಅವಳು ವಾಹಕಿಯಾದರೆ ಅದೇ ವಾರ ಗಂಡನದೂ ಆಗಲಿ. ಮಾಸಿನ ಚೂರು ತೆಗೆದು ಮಾಡುವ ಪರೀಕ್ಷೆ 10ರಿಂದ 13 ವಾರದೊಳಗೆ, ಗರ್ಭದ ನೀರಿನ ಪರೀಕ್ಷೆ 15 ವಾರದ ನಂತರ. ಐದನೇ ತಿಂಗಳಲ್ಲಿ ಬಂದು ಕೇಳಿದರೆ ಯೋಚಿಸಿ ನಿರ್ಧರಿಸಲು ಸಮಯವೇ ಉಳಿದಿರುವುದಿಲ್ಲ. ವಾಹಕತ್ವ ಕಳಂಕವಲ್ಲ, ವಾಹಕರಿಬ್ಬರು ತಿಳಿದೇ ಮದುವೆಯಾಗಿ ಆರೋಗ್ಯವಂತ ಮಕ್ಕಳನ್ನು ಪಡೆಯಲು ದಾರಿಗಳಿವೆ. ಹುಡುಗಿಯ ಚೀಟಿಯನ್ನು ಮಾತ್ರ ಕೇಳಿ, ಅದು ನೋಡಿ ಸಂಬಂಧ ಮುರಿಯುವ ಪದ್ಧತಿ ಅನ್ಯಾಯ. ಜೀನ್ ಇಬ್ಬರಿಂದಲೂ ಬರಬೇಕು.

ನನ್ನದು ಓ ಗುಂಪು. ನನಗೆ ಮಲೇರಿಯಾ ಕಡಿಮೆಯೆ?

ಬರುವುದು ಕಡಿಮೆಯಲ್ಲ, ಬಿಗಡಾಯಿಸುವುದು ಸ್ವಲ್ಪ ಕಡಿಮೆ. ಫಾಲ್ಸಿಪಾರಂ ಹೊಕ್ಕ ಕಣ ತನ್ನ ಸುತ್ತ ಬೇರೆ ಕಣಗಳನ್ನು ಅಂಟಿಸಿಕೊಂಡು ಸಣ್ಣ ರಕ್ತನಾಳ ಕಟ್ಟಿಸುತ್ತದೆ. ಎ, ಬಿ ಗುಂಪಿನ ಕಣಗಳ ಮೇಲಿರುವ ಪ್ರತಿಜನಕಗಳು ಆ ಅಂಟನ್ನು ಗಟ್ಟಿಗೊಳಿಸುತ್ತವೆ. ಓ ಗುಂಪಿನಲ್ಲಿ ಅದು ಸಡಿಲ. ಓ ಗುಂಪಿನವರೂ ಮಲೇರಿಯಾದಲ್ಲಿ ತೀರಿಕೊಂಡದ್ದುಂಟು, ಇದನ್ನು ನಂಬಿ ಸೊಳ್ಳೆಪರದೆ ಮಡಿಚಿಡಬೇಡಿ.

ಮನೆಯಲ್ಲಿ ನನಗೇ ಸೊಳ್ಳೆ ಹೆಚ್ಚು ಕಚ್ಚುತ್ತದೆ. ರಕ್ತ ಸಿಹಿಯೆ?

ಸೊಳ್ಳೆ ಹುಡುಕಿ ಬರುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ ಮತ್ತು ಚರ್ಮದ ವಾಸನೆಯನ್ನು. ರಕ್ತದ ಸಿಹಿ ಅದಕ್ಕೆ ಗೊತ್ತಾಗದು. ವಾಸನೆಯಲ್ಲಿ ಜೀನ್ ಪಾತ್ರ ಇದೆ ಎಂದು 2015ರಲ್ಲಿ ಲಂಡನ್ನಿನಲ್ಲಿ ಅವಳಿಗಳ ಮೇಲೆ ನಡೆದ ಪ್ರಯೋಗ ತೋರಿಸಿತು, ಆದರೆ ಅಲ್ಲಿ ಬಳಸಿದ್ದು ಡೆಂಗಿ ಹರಡುವ ಈಡಿಸ್ ಸೊಳ್ಳೆ. ಗರ್ಭಿಣಿಯರತ್ತ ಮಲೇರಿಯಾ ಸೊಳ್ಳೆಗಳು ಸುಮಾರು ದುಪ್ಪಟ್ಟು ಹೋಗುತ್ತವೆ ಎಂಬುದು 2000ದಲ್ಲಿ ಗ್ಯಾಂಬಿಯಾದಲ್ಲಿ ಕಂಡ ಸಂಗತಿ. ಮನೆಯಲ್ಲಿರುವುದು ಒಂದೇ ಸೊಳ್ಳೆಪರದೆಯಾದರೆ ಅದು ಬಸುರಿಗೆ ಮತ್ತು ಮಗುವಿಗೆ.

ಡಫಿ ಎಂದರೇನು? ಯಲ್ಲಾಪುರದ ಕಡೆಯ ಸಿದ್ದಿಗಳಿಗೆ ಮಲೇರಿಯಾ ಬರುವುದಿಲ್ಲ ಎಂದು ಕೇಳಿದ್ದೇವೆ.

ವೈವ್ಯಾಕ್ಸ್ ಪರಾವಲಂಬಿ ಎಳೆಯ ರಕ್ತಕಣವನ್ನು ಹೊಗಲು ಡಫಿ ಎಂಬ ಪ್ರೊಟೀನನ್ನು ಹಿಡಿದುಕೊಳ್ಳುತ್ತದೆ. ಇದು 1976ರಲ್ಲಿ ಗಟ್ಟಿಯಾದ ವಿಷಯ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಹುತೇಕ ಜನರ ಕೆಂಪು ಕಣದ ಮೇಲೆ ಡಫಿ ಇಲ್ಲ, ಅಲ್ಲಿ ವೈವ್ಯಾಕ್ಸ್ ಅಪರೂಪ. ಭಾರತೀಯರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಡಫಿ ಇದೆ, ಆದ್ದರಿಂದ ವೈವ್ಯಾಕ್ಸ್‌ಗೆ ನಮ್ಮಲ್ಲಿ ಬಾಗಿಲು ತೆರೆದೇ ಇದೆ.

ಉತ್ತರ ಕನ್ನಡದ ಸಿದ್ದಿಗಳ ಆಫ್ರಿಕಾ ಮೂಲ ಜೀನ್ ಅಧ್ಯಯನಗಳಿಂದ ದೃಢಪಟ್ಟಿದೆ. ಆದರೆ ಶತಮಾನಗಳ ಬೆರಕೆಯೂ ಅವರಲ್ಲಿದೆ, ಒಬ್ಬ ವ್ಯಕ್ತಿಯ ಡಫಿ ಸ್ಥಿತಿಯನ್ನು ಮುಖ ನೋಡಿ ಹೇಳಲಾಗದು. ಡಫಿ ಇಲ್ಲದಿದ್ದರೂ ಫಾಲ್ಸಿಪಾರಂ ಬರುತ್ತದೆ. ಮಡಗಾಸ್ಕರ್‌ನಲ್ಲಿ ಡಫಿ ಇಲ್ಲದವರಿಗೆ ವೈವ್ಯಾಕ್ಸ್ ಕೂಡ ತಗುಲಿದ್ದು 2010ರಲ್ಲಿ ವರದಿಯಾಯಿತು. ‘ಇವರಿಗೆ ಬರುವುದಿಲ್ಲ’ ಎಂದು ಯಾವ ಸಮುದಾಯದವರ ರಕ್ತಲೇಪನ ಪರೀಕ್ಷೆಯನ್ನೂ ಬಿಡಬಾರದು.

ವೈವ್ಯಾಕ್ಸ್ ಬಂದಿದೆ. ಮಾತ್ರೆ ಕೊಡುವ ಮೊದಲು ಜಿ6ಪಿಡಿ ಎಂದರು. ಅದು ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವವರು ಇದನ್ನು ಓದಿ.

ವೈವ್ಯಾಕ್ಸ್‌ಗೆ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಎರಡು ಔಷಧ. ಕ್ಲೋರೊಕ್ವಿನ್ ಮೂರು ದಿನ, ಕಿಲೊ ತೂಕಕ್ಕೆ 10, 10, 5 ಮಿಲಿಗ್ರಾಂ. ವಯಸ್ಕರಿಗೆ 150 ಮಿಲಿಗ್ರಾಂ ಬೇಸ್ ಇರುವ ಮಾತ್ರೆ 4, 4, 2. ಇದು ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಆದರೆ ಯಕೃತ್ತಿನಲ್ಲಿ ಮಲಗಿದ್ದು ಮುಂದೆ ಮತ್ತೆ ಜ್ವರ ತರುವ, ಪರಾವಲಂಬಿಯ ಸುಪ್ತ ರೂಪವಾದ ಹಿಪ್ನೊಜೊಯಿಟ್‌ಗಳನ್ನು ಅದು ಮುಟ್ಟದು. ಅವನ್ನು ತೆಗೆಯಲು ಪ್ರೈಮಾಕ್ವಿನ್, ಕಿಲೊಗೆ 0.25 ಮಿಲಿಗ್ರಾಂ, ದಿನಕ್ಕೊಮ್ಮೆ, 14 ದಿನ. ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ, ಅಂದರೆ 7.5ರ ಮಾತ್ರೆ ಎರಡು. ಊಟದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ಹಿಂಡುತ್ತದೆ. ಮಕ್ಕಳಿಗೆ ಅಳತೆ ತೂಕ, ವಯಸ್ಸು ನೋಡಿಯೇ.

ಪ್ರೈಮಾಕ್ವಿನ್ ದೇಹದಲ್ಲಿ ಬದಲಾದಾಗ ಹುಟ್ಟುವ ಪದಾರ್ಥಗಳು ಕೆಂಪು ಕಣವನ್ನು ಉತ್ಕರ್ಷಣೆಗೆ ಒಡ್ಡುತ್ತವೆ. ಆ ಹೊಡೆತ ತಡೆಯುವುದು ಜಿ6ಪಿಡಿ ಕಿಣ್ವ. ಕಿಣ್ವ ಕಡಿಮೆ ಇದ್ದವರ ಕಣಗಳು ಒಡೆಯುತ್ತವೆ, ಮೊದಲು ಹಳೆಯ ಕಣಗಳು, ಕೊರತೆ ತೀವ್ರವಿದ್ದರೆ ಎಲ್ಲವೂ. ಈ ಕೊರತೆ ಪತ್ತೆಯಾದದ್ದೇ 1956ರಲ್ಲಿ ಪ್ರೈಮಾಕ್ವಿನ್ ತಿಂದು ರಕ್ತ ಒಡೆದವರ ಅಧ್ಯಯನದಿಂದ. ಭಾರತದಲ್ಲಿ ಮೆಡಿಟರೇನಿಯನ್, ಒರಿಸ್ಸಾ, ಕೇರಳ-ಕಲ್ಯಾಣ್ ಎಂಬ ಮೂರು ಬಗೆಗಳು ಹೆಚ್ಚು ಕಾಣುತ್ತವೆ. ಮೊದಲನೆಯದು ತೀವ್ರ.

ಈ ಕೊರತೆಯೂ ಮಲೇರಿಯಾದ ನಾಡುಗಳಲ್ಲೇ ಉಳಿದುಕೊಂಡದ್ದು. ಆಫ್ರಿಕಾ, ಏಷ್ಯಾಗಳ ದೊಡ್ಡ ಅಧ್ಯಯನವೊಂದು 2017ರಲ್ಲಿ ತೋರಿಸಿದ್ದು ಹೀಗೆ: ಕೊರತೆ ಮಿದುಳಿನ ಮಲೇರಿಯಾದ ಅಪಾಯ ತಗ್ಗಿಸುತ್ತದೆ, ತೀವ್ರ ರಕ್ತಹೀನತೆಯ ಅಪಾಯ ಹೆಚ್ಚಿಸುತ್ತದೆ. ಮಲೇರಿಯಾದಿಂದಾಗಿ ಉಳಿದುಕೊಂಡ ಜೀನ್ ಮಲೇರಿಯಾ ಔಷಧಕ್ಕೇ ಅಡ್ಡ ಬರುವುದು ವೈದ್ಯರಿಗೆ ನಿತ್ಯದ ತಲೆನೋವು.

ಜಿ6ಪಿಡಿ ಪರೀಕ್ಷೆ ಯಾವಾಗ, ಹೇಗೆ?

ಇಡಿಟಿಎ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಸಾಕು. ಫ್ಲೋರೆಸೆಂಟ್ ಸ್ಪಾಟ್ ಪರೀಕ್ಷೆಯಲ್ಲಿ ಅತಿನೇರಳೆ ಬೆಳಕಿನಡಿ ಚುಕ್ಕೆ ಹೊಳೆದರೆ ಕಿಣ್ವ ಇದೆ, ಹೊಳೆಯದಿದ್ದರೆ ಇಲ್ಲ. ಅಳತೆ ಕೊಡುವ ಪರೀಕ್ಷೆಯೂ ಇದೆ. ಶಿವಮೊಗ್ಗದಲ್ಲಿ ಎಲ್ಲಿ ಆಗುತ್ತದೆ ಎಂದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾದರಿಯನ್ನು ಬಿಸಿಲಲ್ಲಿ ಬಸ್ಸಿನಲ್ಲಿ ಕಳಿಸಬಾರದು, ಬಿಸಿಗೆ ಕಿಣ್ವ ಕೆಡುತ್ತದೆ ಮತ್ತು ಇಲ್ಲದ ಕೊರತೆ ಕಾಣುತ್ತದೆ.

ಸಮಯ ತಪ್ಪಿದರೆ ಉಲ್ಟಾ ತಪ್ಪೂ ಆಗುತ್ತದೆ. ರಕ್ತ ಒಡೆದ ಬೆನ್ನಿಗೇ ಪರೀಕ್ಷಿಸಿದರೆ ಹಳೆಯ ಕಣಗಳೆಲ್ಲ ಹೋಗಿ, ಕಿಣ್ವ ಹೆಚ್ಚಿರುವ ಎಳೆಯ ಕಣಗಳು ತುಂಬಿರುತ್ತವೆ. ಚೀಟಿ ‘ನಾರ್ಮಲ್’ ಎನ್ನುತ್ತದೆ. ಅಂಥವರಿಗೆ ಸುಮಾರು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು. ಒಮ್ಮೆ ಸರಿಯಾಗಿ ಬಂದ ಫಲಿತಾಂಶ ಆಯುಷ್ಯಪೂರ್ತಿಯದು, ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಹೆಂಗಸರಿಗೆ ಈ ಕೊರತೆ ಬರುವುದಿಲ್ಲ ಅಲ್ಲವೆ?

ಬರುತ್ತದೆ. ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಿಗೆ ಒಂದೇ ಎಕ್ಸ್, ಕೊರತೆ ಇದ್ದರೆ ಪೂರ್ತಿ. ಹೆಂಗಸರಿಗೆ ಎರಡು, ಒಂದರಲ್ಲಿ ಮಾತ್ರ ಕೊರತೆ ಇದ್ದರೆ ಒಂದು ಪಾಲು ಕಣಗಳಲ್ಲಿ ಕಿಣ್ವ ಇರುತ್ತದೆ, ಇನ್ನೊಂದು ಪಾಲಿನಲ್ಲಿ ಇರುವುದಿಲ್ಲ. ಸ್ಪಾಟ್ ಪರೀಕ್ಷೆ ಇಂಥವರನ್ನು ಹಲವು ಸಲ ಬಿಟ್ಟುಬಿಡುತ್ತದೆ. ಪ್ರೈಮಾಕ್ವಿನ್ ಬದಲು ಒಂದೇ ಡೋಸಿನ ಟಫೆನೊಕ್ವಿನ್ ಕೊಡುವುದಾದರೆ ಕಿಣ್ವ ಶೇ 70ಕ್ಕಿಂತ ಹೆಚ್ಚಿದೆ ಎಂದು ಅಳತೆಯ ಪರೀಕ್ಷೆಯಲ್ಲಿ ಕಂಡಿರಬೇಕು. ಆ ಔಷಧ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ, ತೊಂದರೆ ಶುರುವಾದ ಮೇಲೆ ನಿಲ್ಲಿಸಲು ಆಗದು.

ಪ್ರೈಮಾಕ್ವಿನ್ ಶುರುಮಾಡಿ ಮೂರನೇ ದಿನಕ್ಕೆ ಮೂತ್ರ ಕಪ್ಪಾಗಿದೆ. ಏನು ಮಾಡಲಿ?

ಪ್ರೈಮಾಕ್ವಿನ್ ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಹೊರಡಿ. ಜ್ವರದಲ್ಲಿ ನೀರು ಕಡಿಮೆಯಾಗಿ ಮೂತ್ರ ಗಾಢ ಹಳದಿ ಆಗುವುದು ಬೇರೆ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ರಕ್ತ ಒಡೆಯುತ್ತಿದೆ ಎಂದರ್ಥ. ಜೊತೆಗೆ ಕಣ್ಣು ಹಳದಿ, ಸೊಂಟನೋವು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇದು ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಶುರುವಾಗುತ್ತದೆ. ಆದ್ದರಿಂದ ಮೊದಲ ವಾರ ಪ್ರತಿ ಬೆಳಿಗ್ಗೆ ಪಾರದರ್ಶಕ ಬಾಟಲಿಯಲ್ಲಿ ಮೂತ್ರ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಮಳೆಗಾಲದ ಮಬ್ಬಿನಲ್ಲಿ ಬಚ್ಚಲಿನ ಬಲ್ಬಿನಡಿ ಬಣ್ಣ ತಿಳಿಯುವುದಿಲ್ಲ. ಆಸ್ಪತ್ರೆಗೆ ಹೋಗುವಾಗ ಆ ಬಾಟಲಿ, ಮಾತ್ರೆಯ ಪಟ್ಟಿ ಎರಡನ್ನೂ ಒಯ್ಯಿರಿ. ಆಗುಂಬೆ, ನಗರ, ಕಾರ್ಗಲ್‌ನಂಥ ದೂರದ ಊರಿನವರು ಕತ್ತಲಾಗುವ ತನಕ ಕಾಯಬೇಡಿ.

ಕೊರತೆ ಇದೆ ಎಂದು ಖಚಿತವಾದರೆ ವೈವ್ಯಾಕ್ಸ್‌ಗೆ ಔಷಧವೇ ಇಲ್ಲವೆ?

ಕ್ಲೋರೊಕ್ವಿನ್ ಮಾಮೂಲಿಯಾಗಿ ಕೊಡುತ್ತಾರೆ. 14 ದಿನದ ಪ್ರೈಮಾಕ್ವಿನ್ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬದಲಿ ಕ್ರಮದಲ್ಲಿ ಪ್ರೈಮಾಕ್ವಿನ್ ಕಿಲೊಗೆ 0.75 ಮಿಲಿಗ್ರಾಂ, ವಾರಕ್ಕೊಮ್ಮೆ, 8 ವಾರ. ಇದು ವೈದ್ಯರ ಕಣ್ಗಾವಲಿನಲ್ಲಿ, ಹಿಮೋಗ್ಲೋಬಿನ್ ನೋಡುತ್ತಾ ಮಾತ್ರ.

ಕೊರತೆ ಇದ್ದವರು ಅವರೆಕಾಳು ತಿನ್ನಬಾರದೆ?

ತಿನ್ನಬಹುದು. ರಕ್ತ ಒಡೆಸುವುದು ಫಾವಾ ಬೀನ್ಸ್, ಅಂದರೆ ವಿಸಿಯಾ ಫಾಬಾ, ಉತ್ತರ ಭಾರತದಲ್ಲಿ ಬಾಕ್ಲಾ ಎಂದು ಮಾರುವ ಕಾಳು. ನಮ್ಮ ಅವರೆ ಲ್ಯಾಬ್ಲ್ಯಾಬ್ ಪರ್ಪ್ಯೂರಿಯಸ್, ಬೇರೆ ಗಿಡ. ಹಿತಕಿದ ಬೇಳೆ ಸಾರಿಗೆ ಅಡ್ಡಿಯಿಲ್ಲ.

ನಿಜವಾಗಿ ದೂರವಿಡಬೇಕಾದದ್ದು ಮಲೆನಾಡಿನ ಮನೆಗಳ ಕಪಾಟಿನಲ್ಲೇ ಇದೆ. ಮಳೆಗಾಲದ ಥಂಡಿಗೆ ಬಟ್ಟೆಯ ನಡುವೆ ಇಡುವ ಬಿಳಿ ನ್ಯಾಫ್ತಲೀನ್ ಗುಳಿಗೆ ಈ ಕೊರತೆ ಇರುವ ಎಳೆಗೂಸಿಗೆ ಅಪಾಯ. ಗುಳಿಗೆ ಹಾಕಿಟ್ಟ ದುಪಟಿ, ಕುಲಾವಿಯನ್ನು ಹಾಗೇ ತೆಗೆದು ಮಗುವಿಗೆ ಹೊದಿಸಬೇಡಿ. ಡ್ಯಾಪ್ಸೋನ್, ನೈಟ್ರೊಫುರಾಂಟೊಯಿನ್, ಮೀಥಿಲೀನ್ ಬ್ಲೂ, ರಾಸ್ಬುರಿಕೇಸ್ ಔಷಧಗಳೂ ವರ್ಜ್ಯ. ಯಾವ ವೈದ್ಯರ ಬಳಿ ಹೋದರೂ ಮೊದಲ ಮಾತೇ ‘ನನಗೆ ಜಿ6ಪಿಡಿ ಕೊರತೆ ಇದೆ’ ಎಂದಾಗಲಿ.

14 ದಿನ ಬಿಡದೆ ಮಾತ್ರೆ ತಿಂದೆ. ಮತ್ತೆ ವೈವ್ಯಾಕ್ಸ್ ಬಂತು. ಏಕೆ?

ಮೊದಲು ಸಾಮಾನ್ಯ ಕಾರಣಗಳನ್ನು ನೋಡಿ. ನಿಜಕ್ಕೂ 14 ದಿನ ಆಯಿತೆ? ಜ್ವರ ಬಿಟ್ಟ ನಾಲ್ಕನೇ ದಿನ ಕೆಲಸಕ್ಕೆ ಹೋಗಿ ಮಾತ್ರೆ ಮರೆಯುವವರೇ ಹೆಚ್ಚು. ನಿಮ್ಮ ತೂಕ 85 ಕಿಲೊ ಆಗಿದ್ದರೆ 15 ಮಿಲಿಗ್ರಾಂ ಸಾಲದೇ ಇರಬಹುದು. ಮಂಗಳೂರಿನಂಥ ಊರಿಗೆ ಮತ್ತೆ ಹೋಗಿದ್ದರೆ ಹೊಸ ಸೋಂಕೇ ಆಗಿರಬಹುದು.

ಇವೆಲ್ಲ ಸರಿಯಿದ್ದೂ ಮರುಕಳಿಸಿದರೆ ಸಿವೈಪಿ2ಡಿ6 ಎಂಬ ಯಕೃತ್ತಿನ ಕಿಣ್ವದ ಜೀನ್ ಕಾರಣವಾಗಿರಬಹುದು. ಪ್ರೈಮಾಕ್ವಿನ್ ತಾನಾಗಿ ಕೆಲಸ ಮಾಡುವುದಿಲ್ಲ, ಈ ಕಿಣ್ವ ಅದನ್ನು ಚುರುಕುಗೊಳಿಸಬೇಕು. ಕಿಣ್ವ ಮಂದವಾಗಿರುವವರಲ್ಲಿ ಮಾತ್ರೆ ತಿಂದೂ ತಿನ್ನದ ಹಾಗೆ. ಇದು ತಿಳಿದುಬಂದದ್ದು 2013ರಲ್ಲಿ. ಪರಿಹಾರ ನೀವೇ ಡೋಸ್ ಏರಿಸುವುದಲ್ಲ, ದಿನಾಂಕಗಳನ್ನು ಬರೆದುಕೊಂಡು ವೈದ್ಯಕೀಯ ಕಾಲೇಜಿನ ಮೆಡಿಸಿನ್ ವಿಭಾಗಕ್ಕೆ ಹೋಗುವುದು.

ಬಸುರಿಗೆ, ಬಾಣಂತಿಗೆ?

ಬಸುರಿಗೆ ಪ್ರೈಮಾಕ್ವಿನ್ ಇಲ್ಲವೇ ಇಲ್ಲ. ಹೊಟ್ಟೆಯಲ್ಲಿರುವ ಮಗುವಿನ ಜಿ6ಪಿಡಿ ಯಾರಿಗೂ ಗೊತ್ತಿರುವುದಿಲ್ಲ. ಕ್ಲೋರೊಕ್ವಿನ್ ಕೊಡಬಹುದು. ಒಂದು ವರ್ಷದೊಳಗಿನ ಕೂಸಿಗೂ ಪ್ರೈಮಾಕ್ವಿನ್ ಇಲ್ಲ. ಬಾಣಂತಿಗೆ ಯಾವಾಗ ಎಂಬುದನ್ನು ತಾಯಿ, ಮಗು ಇಬ್ಬರ ಪರೀಕ್ಷೆ ನೋಡಿ ವೈದ್ಯರು ಹೇಳುತ್ತಾರೆ.

ತೋಟದ ಕೆಲಸಕ್ಕೆ ಅಸ್ಸಾಂ, ಒಡಿಶಾ, ಜಾರ್ಖಂಡ್‌ನಿಂದ ಬಂದವರಿದ್ದಾರೆ. ಅವರ ಜೀನ್ ಪರೀಕ್ಷೆ ಮಾಡಿಸಬೇಕೆ?

ಬೇಡ. ಕೆಲಸ ಕೊಡಲು ಜೀನ್ ಕೇಳುವುದು ತಪ್ಪು. ಮಾಡಿಸಬೇಕಾದದ್ದು ಜ್ವರ ಇದ್ದರೆ, ಇತ್ತೀಚೆಗೆ ಊರಿಗೆ ಹೋಗಿ ಬಂದಿದ್ದರೆ, ಮಲೇರಿಯಾ ರಕ್ತಪರೀಕ್ಷೆ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಉಚಿತವಾಗಿ ಆಗುತ್ತದೆ. ವೈದ್ಯರಿಗೆ ಒಂದು ಮಾತು ಉಪಯೋಗಕ್ಕೆ ಬರುತ್ತದೆ: ಈಶಾನ್ಯದವರಲ್ಲಿ ಹಿಮೋಗ್ಲೋಬಿನ್ ಇ ಎಂಬ ಬದಲಾದ ಬಗೆ ಹೆಚ್ಚು. ಎಚ್‌ಪಿಎಲ್‌ಸಿಯಲ್ಲಿ ಅದು ಎ2ನ ಜಾಗದಲ್ಲೇ ಕಾಣುತ್ತದೆ. ಎ2 ಶೇ 25 ಎಂದು ಬಂದರೆ ಅದು ಥಲಸ್ಸೇಮಿಯಾ ಅಲ್ಲ, ಇ ಇರಬೇಕು.

ಆನ್‌ಲೈನಿನಲ್ಲಿ ಎಂಜಲು ಕಳಿಸಿ ಮಾಡಿಸುವ ಜೀನ್ ಪರೀಕ್ಷೆ ಸಾಕೆ?

ಮಲೇರಿಯಾ ಅಪಾಯ ತಿಳಿಯಲು ದುಡ್ಡು ದಂಡ. ಜಿ6ಪಿಡಿಗೆ ಕಿಣ್ವದ ಪರೀಕ್ಷೆ, ಹಿಮೋಗ್ಲೋಬಿನ್ನಿಗೆ ಎಚ್‌ಪಿಎಲ್‌ಸಿ, ಇವೆರಡೇ ಸಾಕು.

ಜ್ವರ ಬಂದರೆ ಮಲೇರಿಯಾ ಎಂದೇ ತಿಳಿಯಬೇಕೆ? ಇಲ್ಲಿ ಮಂಗನ ಕಾಯಿಲೆಯೂ ಇದೆಯಲ್ಲ?

ಮಲೆನಾಡಿನಲ್ಲಿ ಜ್ವರಕ್ಕೆ ಹಲವು ಕಾರಣ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಗದ್ದೆ ಕೆಲಸದವರಿಗೆ ಇಲಿಜ್ವರ, ಪೇಟೆಯಲ್ಲಿ ಡೆಂಗಿ. ಲಕ್ಷಣ ನೋಡಿ ಬೇರ್ಪಡಿಸಲು ಅನುಭವಿ ವೈದ್ಯರಿಗೂ ಕಷ್ಟ.

ಜ್ವರದ ಮೊದಲ ದಿನವೇ ಬೆರಳ ತುದಿಯ ರಕ್ತದಿಂದ ಲೇಪನ ಅಥವಾ ಕ್ಷಿಪ್ರ ಪರೀಕ್ಷೆ ಮಾಡಿಸಿ. ಒಮ್ಮೆ ಇಲ್ಲವೆಂದು ಬಂದು ಜ್ವರ ಮುಂದುವರಿದರೆ ಮರುದಿನ ಮತ್ತೆ ಮಾಡಿಸಿ. ಫಾಲ್ಸಿಪಾರಂ ಗೆರೆ ಔಷಧ ಮುಗಿದ ಮೇಲೂ ಎರಡು ಮೂರು ವಾರ ಕ್ಷಿಪ್ರ ಪರೀಕ್ಷೆಯಲ್ಲಿ ಕಾಣಬಹುದು, ಅದನ್ನು ನೋಡಿ ಮತ್ತೆ ಮಾತ್ರೆ ಶುರುಮಾಡಬೇಡಿ, ಲೇಪನ ನೋಡಿಸಿ. ಕಾಡಿಗೆ ಹೋಗಿದ್ದರೆ, ಮಂಗ ಸತ್ತದ್ದು ಕಂಡಿದ್ದರೆ, ಕಳೆದ ಒಂದು ವರ್ಷದಲ್ಲಿ ಮಲೇರಿಯಾ ಇರುವ ಊರಿನಲ್ಲಿ ಉಳಿದಿದ್ದರೆ ಅದನ್ನು ಕೇಳದಿದ್ದರೂ ಹೇಳಿ. ನೋವಿಗೆ ಆಸ್ಪಿರಿನ್ ಬೇಡ, ಡೆಂಗಿ ಅಥವಾ ಮಂಗನ ಕಾಯಿಲೆಯಾಗಿದ್ದರೆ ರಕ್ತಸ್ರಾವಕ್ಕೆ ದಾರಿ. ಪ್ಯಾರಾಸಿಟಮಾಲ್ ಸಾಕು, ಜಿ6ಪಿಡಿ ಕೊರತೆ ಇದ್ದವರಿಗೂ ಮಾಮೂಲಿ ಅಳತೆಯಲ್ಲಿ ಅದನ್ನು ಕೊಡಬಹುದು.